ಡಂಪರಿನ ಹಿಂದೆ ಐದಾರು ನಿಮಿಷ

ಎರಡು ವರ್ಷಕ್ಕೂ ಹೆಚ್ಚು ಕಾಲ ನನ್ನ ಕೆಲಸ ಎಣಿಸುವುದಾಗಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು, ನಮ್ಮನ್ನು ಓವರ್‌ಟೇಕ್ ಮಾಡಿದ ವಾಹನಗಳಿಗೆ ಎಡಗೈಯ ಯಂತ್ರವನ್ನು, ನಾವು ಓವರ್‌ಟೇಕ್ ಮಾಡಿದ ವಾಹನಗಳಿಗೆ ಬಲಗೈಯ ಯಂತ್ರವನ್ನು ಒತ್ತುತ್ತಿದ್ದೆ. ಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ಯಂತ್ರಗಳು. ಒಮ್ಮೆ ಒತ್ತಿದರೆ ಟಿಕ್ ಎಂದು ಒಂದು ಅಂಕೆ ಮುಂದಕ್ಕೆ ಹೋಗುತ್ತಿತ್ತು. ಎದುರಿನಿಂದ ಬರುವ ವಾಹನಗಳನ್ನು ಮುಂದಿನ ಸೀಟಿನಲ್ಲಿದ್ದ ಇಂಜಿನಿಯರ್ ಸಾಹೇಬರು ಹಾಳೆಯ ಮೇಲೆ ಗೀಟೆಳೆದು ಗುರುತಿಸಿಕೊಳ್ಳುತ್ತಿದ್ದರು.

ದೆಹಲಿಯ ಓಖ್ಲಾ ಕೈಗಾರಿಕಾ ಪ್ರದೇಶದಲ್ಲಿ, ಸಿದ್ಧ ಉಡುಪು ರಫ್ತು ಮಾಡುವ ಒಂದು ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ರಸ್ತೆಯನ್ನು ಅಗಲ ಮಾಡುವ ಮುಂಚೆ ಅದರ ಮೇಲಿನ ಓಡಾಟವನ್ನು ಅಳೆದು ವರದಿ ಕೊಡುವುದು ಆ ಸಣ್ಣ ಸಂಸ್ಥೆಯ ಕಸುಬು. ನಾನು ದಾವಣಗೆರೆಯಲ್ಲಿ ಸಂಖ್ಯಾಶಾಸ್ತ್ರ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕೆಲಸಕ್ಕೆ ಸೇರಿದವಳು. ನನ್ನ ಗಂಡ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸ್ಟೆನೋಗ್ರಾಫರ್. ಸರ್ಕಾರಿ ಕ್ವಾರ್ಟರ್ಸಿಗೆ ನಮ್ಮ ಸರದಿ ಇನ್ನೂ ಬಂದಿರಲಿಲ್ಲವಾದ್ದರಿಂದ ಫರೀದಾಬಾದಿನ ಒಂದು ಸೆಕ್ಟರಿನಲ್ಲಿ ಬಾಡಿಗೆಗಿದ್ದೆವು. ಅವರು ಬೆಳಗಿನ ಶಟಲ್ ರೈಲಿನಲ್ಲಿ ದೆಹಲಿಗೆ ಹೋಗಿ ಸಂಜೆಯ ಶಟಲ್‌ನಲ್ಲಿ ಹಿಂದಿರುಗುತ್ತಿದ್ದರು. ಹಳೆಯ ಬಿಳಿ ಕಾರೊಂದನ್ನು ಕೊಂಡಿದ್ದೆವು. ಅದು ವಾರವೆಲ್ಲ ಬಟ್ಟೆ ಹೊದ್ದುಕೊಂಡು ಮನೆಯ ಮುಂದೆ ನಿಂತಿರುತ್ತಿತ್ತು. ಭಾನುವಾರ ತರಕಾರಿ ತರಲು, ಎಂದಾದರೂ ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲು ಮಾತ್ರ ಅದನ್ನು ತೆಗೆಯುತ್ತಿದ್ದೆವು.

ಆ ಚಳಿಗಾಲದಲ್ಲಿ ನಮ್ಮ ಆಫೀಸಿಗೆ ಬಂದದ್ದು ಫರೀದಾಬಾದಿನಿಂದ ಗುಡಗಾಂವ್‌ಗೆ ಹೋಗುವ ಗುಡ್ಡದ ರಸ್ತೆ. ಆಗ ಅದು ಹೋಗಲೊಂದು ಬರಲೊಂದು, ಒಟ್ಟು ಎರಡೇ ಲೇನಿನ ರಸ್ತೆ. ನಡುವೆ ಕಟ್ಟೆಯಿಲ್ಲ; ಬಿಳಿ ಗೆರೆಯೂ ಹಲವು ಕಡೆ ಅಳಿಸಿಹೋಗಿತ್ತು. ಎರಡೂ ಬದಿಗೆ ಕುರುಚಲು ಜಾಲಿ. ಪಾಲಿ ಎಂಬ ಹಳ್ಳಿಯ ಕಲ್ಲು ಕ್ರಷರುಗಳಿಂದ ಜಲ್ಲಿ ತುಂಬಿಕೊಂಡು ಬರುವ ಡಂಪರುಗಳು ಏರು ಹತ್ತುವಾಗ ಸೈಕಲ್ಲಿನ ವೇಗಕ್ಕೆ ಇಳಿಯುತ್ತಿದ್ದವು. ಹೊಟ್ಟು ತುಂಬಿದ ಟ್ರ್ಯಾಕ್ಟರ್ ಟ್ರಾಲಿಗಳು ಗೋಣಿಚೀಲದ ಹೊಟ್ಟೆಯನ್ನು ಎರಡೂ ಕಡೆಗೆ ಉಬ್ಬಿಸಿಕೊಂಡು ಮುಕ್ಕಾಲು ರಸ್ತೆಯನ್ನು ಮುಚ್ಚುತ್ತಿದ್ದವು. ಇವುಗಳ ಹಿಂದೆ ಸಿಕ್ಕಿಕೊಂಡವನು ಮುಂದೆ ಹೋಗಬೇಕೆಂದರೆ ಎದುರಿನವನ ಜಾಗಕ್ಕೆ ನುಗ್ಗಿ, ಅವನು ಹತ್ತಿರ ಬರುವಷ್ಟರಲ್ಲಿ ತನ್ನ ಜಾಗಕ್ಕೆ ವಾಪಸ್ಸು ಸೇರಿಕೊಳ್ಳಬೇಕು. ಯಾರು ಯಾವಾಗ ಹೀಗೆ ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂದು ತಿಳಿಯುವುದೇ ನಮಗೆ ವಹಿಸಿದ್ದ ಕೆಲಸ.

ಜೀಪು ಓಡಿಸುತ್ತಿದ್ದವರು ಕೊಡಗಿನವರು. ಸೈನ್ಯದಲ್ಲಿ ಡ್ರೈವರಾಗಿದ್ದು ಹವಾಲ್ದಾರರಾಗಿ ನಿವೃತ್ತರಾಗಿದ್ದರು. ಮಗಳು ದೆಹಲಿಯಲ್ಲಿ ನರ್ಸಿಂಗ್ ಓದುತ್ತಿದ್ದಳೆಂದು ಇಲ್ಲೇ ಉಳಿದಿದ್ದರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಫೌಜಿ ಎಂದರೆ ನಾನು ಹವಾಲ್ದಾರ್ರೇ ಎನ್ನುತ್ತಿದ್ದೆ. ಅವರ ಮನೆಮಾತು ಕೊಡವ. ಕನ್ನಡ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಅವರ ಕನ್ನಡ ಪಠ್ಯಪುಸ್ತಕದಷ್ಟು ಚೊಕ್ಕವಾಗಿತ್ತು, ನಡುನಡುವೆ ಸೈನ್ಯದ ಹಿಂದಿ ಸೇರಿಕೊಳ್ಳುತ್ತಿತ್ತು.

ಈ ಬಗೆಯ ಸಮೀಕ್ಷೆಗೆ ಒಂದು ನಿಯಮವಿದೆ. ಜೀಪು ಆ ರಸ್ತೆಯ ಸಾಮಾನ್ಯ ವೇಗದಲ್ಲೇ ಹೋಗಬೇಕು. ಎಂದರೆ ಎಷ್ಟು ವಾಹನಗಳು ನಮ್ಮನ್ನು ಹಿಂದೆ ಹಾಕುತ್ತವೆಯೋ ಹೆಚ್ಚುಕಡಿಮೆ ಅಷ್ಟನ್ನೇ ನಾವೂ ಹಿಂದೆ ಹಾಕಬೇಕು. ಮೊದಲ ದಿನ ನನ್ನ ಎಡಗೈ ಬಿಡುವಿಲ್ಲದೆ ಒತ್ತುತ್ತಲೇ ಇತ್ತು. ಬಲಗೈ ಯಂತ್ರ ಸೊನ್ನೆಯಲ್ಲೇ ನಿಂತಿತ್ತು. ಇಟ್ಟಿಗೆ ಹೊತ್ತ ಒಂದು ಟ್ರ್ಯಾಕ್ಟರಿನ ಹಿಂದೆ ನಾವು ಗುಡ್ಡದ ಈ ತುದಿಯಿಂದ ಆ ತುದಿಯವರೆಗೂ ಹೋದೆವು.

"ಫೌಜಿ ಭಾಯ್, ಆಗೇ ನಿಕಾಲೋ," ಎಂದು ಅದನ್ನು ದಾಟಲು ಹೇಳಿದರು ಇಂಜಿನಿಯರ್ ಸಾಹೇಬರು.

"ಜೀ ಸಾಬ್," ಎಂದರು ಹವಾಲ್ದಾರರು. ಟ್ರ್ಯಾಕ್ಟರಿನ ಹಿಂದೆಯೇ ಉಳಿದರು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಅವರು ನನ್ನ ಹತ್ತಿರ ಬಂದು ಕುಳಿತರು. "ಅಮ್ಮಾ, ಒಂದು ಮಾತು ಹೇಳುತ್ತೇನೆ, ಸಾಹೇಬರಿಗೆ ತಿಳಿಸಬೇಡಿ. ಕಾನ್ವಾಯ್‌ನಲ್ಲಿ ಓವರ್‌ಟೇಕ್ ಎನ್ನುವುದೇ ಇಲ್ಲ. ಇಪ್ಪತ್ತೆರಡು ವರ್ಷ ನಾನು ಮುಂದಿನ ಗಾಡಿಯ ಬೆನ್ನು ನೋಡಿಕೊಂಡೇ ಓಡಿಸಿದ್ದು."

"ಒಂದ್ಸಲಾನೂ ಇಲ್ವಾ?"

"ರಜೆಯಲ್ಲಿ ಊರಿಗೆ ಹೋದಾಗ ಸ್ಕೂಟರಿನಲ್ಲಿ ಮಾಡಿದ್ದುಂಟು," ಎಂದು ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು.

ಐವತ್ತು ದಾಟಿದ ಮನುಷ್ಯ ಈ ಒಂದು ವಿದ್ಯೆಯನ್ನು ಆ ರಸ್ತೆಯಲ್ಲೇ ಕಲಿತರು. ಚಹಾಕ್ಕೆ ನಿಂತಾಗಲೆಲ್ಲ ರಸ್ತೆಬದಿಯಲ್ಲಿ ನಿಂತು ಬೇರೆಯವರನ್ನು ನೋಡುತ್ತಿದ್ದರು. ಮುಂದಿನ ಗಾಡಿಗೆ ಅಂಟಿಕೊಂಡವನಿಗೆ ಎದುರಿನ ರಸ್ತೆ ಕಾಣುವುದಿಲ್ಲ, ಸ್ವಲ್ಪ ಹಿಂದೆ ಉಳಿದವನಿಗೇ ಕಾಣುತ್ತದೆ ಎಂಬುದನ್ನು ಮೊದಲು ಕಂಡುಕೊಂಡರು. ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿದರೆ ಅದಕ್ಕೆ ಎರಡು ಅರ್ಥವಿತ್ತು. ನಾನು ಬಲಕ್ಕೆ ತಿರುಗುತ್ತಿದ್ದೇನೆ ಎಂದೂ ಆಗಬಹುದು, ಎದುರಿನಿಂದ ಗಾಡಿ ಬರುತ್ತಿದೆ, ಈಗ ಬೇಡ ಎಂದೂ ಆಗಬಹುದು. ಎರಡರಲ್ಲೂ ಹಿಂದೆಯೇ ಇರುವುದು ಒಳ್ಳೆಯದು. ಆದರೆ ಕೆಲವರು ಹೋಗು ಎನ್ನಲಿಕ್ಕೂ ಅದೇ ಬಲಗಡೆ ದೀಪ ಹಾಕುತ್ತಿದ್ದರು. ಹವಾಲ್ದಾರರು ದೀಪವನ್ನು ನಂಬುವುದನ್ನು ಬಿಟ್ಟು, ಲಾರಿಯವನು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸುವವರೆಗೂ ಕಾಯುತ್ತಿದ್ದರು. ಕೈ ಬೀಸಿದರೂ ತಾವೇ ಒಮ್ಮೆ ನೋಡಿಕೊಂಡೇ ಹೊರಬರುತ್ತಿದ್ದರು. ಒಂದು ತಿಂಗಳಲ್ಲಿ ನನ್ನ ಎರಡು ಕೈಗಳ ಅಂಕೆಗಳೂ ಹತ್ತಿರ ಹತ್ತಿರ ಬಂದವು. ಇಂಜಿನಿಯರ್ ಸಾಹೇಬರು ಖುಷಿಯಾದರು.

ಮಂಜು ಮುಗಿದು ಬಿಸಿಲು ಬಂದ ಮೇಲೆ ಕೆಲಸದ ಎರಡನೆಯ ಭಾಗ ಶುರುವಾಯಿತು. ಈಗ ಎಣಿಸಿದರೆ ಸಾಲದು, ಕೇಳಬೇಕು. ರಸ್ತೆಯ ಒಂದು ತಿರುವಿನ ಪಕ್ಕದ ದಿಬ್ಬದ ಮೇಲೆ ಹವಾಲ್ದಾರರು ದುರ್ಬೀನು ಹಿಡಿದು ನಿಲ್ಲುತ್ತಿದ್ದರು. ಯಾರಾದರೂ ಓವರ್‌ಟೇಕ್ ಮಾಡಿದರೆ ಮೊಬೈಲಿನಲ್ಲಿ ನನಗೆ ಗಾಡಿಯ ಬಣ್ಣ, ನಂಬರು ಹೇಳುತ್ತಿದ್ದರು. ಒಂದು ಕಿಲೋಮೀಟರ್ ಮುಂದೆ, ರಸ್ತೆ ಸ್ವಲ್ಪ ಅಗಲವಾಗಿದ್ದ ಕಡೆ, ನಾನು ಫಾರಂ ಹಿಡಿದು ನಿಂತಿರುತ್ತಿದ್ದೆ. ನಮಗೆಂದು ಕೊಟ್ಟಿದ್ದ ಟ್ರಾಫಿಕ್ ಕಾನ್‌ಸ್ಟೇಬಲ್ ಆ ಗಾಡಿಯನ್ನು ಬದಿಗೆ ನಿಲ್ಲಿಸುತ್ತಿದ್ದರು. ನಾನು ಪ್ರಶ್ನೆ ಕೇಳುತ್ತಿದ್ದೆ. ಇಂಜಿನಿಯರ್ ಸಾಹೇಬರು ಎರಡು ಹೆಜ್ಜೆ ಹಿಂದೆ ಛತ್ರಿ ಬಿಚ್ಚಿಕೊಂಡು ನಿಂತು ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ಹವಾಲ್ದಾರರ ಜೊತೆ ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ. ಸಾಹೇಬರಿಗೆ ಅದು ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದೂ ಇರಲಿಲ್ಲ.

ಫಾರಂನ ಕೊನೆಯ ಪ್ರಶ್ನೆ, ನೀವು ಏಕೆ ಓವರ್‌ಟೇಕ್ ಮಾಡಿದಿರಿ ಎಂಬುದು. ಉತ್ತರಕ್ಕೆ ಚೌಕಗಳಿದ್ದವು. ಮುಂದಿನ ವಾಹನ ನಿಧಾನವಾಗಿತ್ತು, ತಡವಾಗಿತ್ತು, ಎದುರು ರಸ್ತೆ ಖಾಲಿಯಿತ್ತು. ಕೊನೆಗೆ, ಇತರೆ. ಸಾಹೇಬರು ತಯಾರಿಸಿದ್ದ ಚೌಕಗಳಿಗೆ ಜನರ ಉತ್ತರಗಳು ಹೊಂದುತ್ತಿರಲಿಲ್ಲ. ಒಬ್ಬರು ಡಂಪರಿನಿಂದ ಜಲ್ಲಿ ಸಿಡಿದು ಗಾಜು ಒಡೆಯುತ್ತದೆ ಎಂದರು. ಇನ್ನೊಬ್ಬರಿಗೆ ಡೀಸೆಲ್ ಹೊಗೆ ಆಗುತ್ತಿರಲಿಲ್ಲ. ವಯಸ್ಸಾದ ಒಬ್ಬರು ಬಹಳ ಯೋಚಿಸಿ, "ಇವತ್ತು ಹೆಂಡತಿ ಜೊತೆಗಿಲ್ಲ," ಎಂದರು. ಹೆಂಡತಿ ಇದ್ದರೆ ಮಾಡುತ್ತಿರಲಿಲ್ಲವಂತೆ. ಇತರೆ ಎಂಬ ಚೌಕದ ಪಕ್ಕದ ಸಣ್ಣ ಜಾಗದಲ್ಲಿ ಇವನ್ನೆಲ್ಲ ಸಣ್ಣ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದೆ.

ಒಂದು ದಿನ ಬೂದು ಬಣ್ಣದ ಕಾರಿನವನೊಬ್ಬ ಒಂದೇ ಏಟಿಗೆ ಏಳು ಗಾಡಿಗಳನ್ನು ದಾಟಿ ಬಂದ. ಕಾನ್‌ಸ್ಟೇಬಲ್ ಅವನನ್ನು ನಿಲ್ಲಿಸಿದರು. ನಾನು ಕೇಳುತ್ತಿದ್ದಂತೆ ಅವನು ದಾಟಿದ್ದ ಗಾಡಿಗಳು ಒಂದೊಂದಾಗಿ ನಮ್ಮ ಪಕ್ಕದಿಂದ ಹಾದುಹೋಗತೊಡಗಿದವು. ಬಸ್ಸು ಹೋಯಿತು. ಎರಡು ಕಾರು ಹೋದವು. ಅವನು ನನ್ನ ಪ್ರಶ್ನೆಗೆ ಉತ್ತರಿಸುವುದನ್ನು ಬಿಟ್ಟು ಕತ್ತು ತಿರುಗಿಸಿ ಅವನ್ನೇ ನೋಡುತ್ತ ಕುಳಿತ. ಕೊನೆಗೆ ಟ್ರ್ಯಾಕ್ಟರೂ ಹೋಯಿತು. "ಬಸ್, ಸಬ್ ಗಯೇ," ಎಂದು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟ. ಮುಗಿಯಿತು, ಎಲ್ಲರೂ ಹೋದರು ಎಂದು. ಅವನು ಎಲ್ಲಿಗೆ ಹೋಗುತ್ತಿದ್ದನೆಂದರೆ, ತಂಗಿಯ ಮನೆಗೆ, ಊಟಕ್ಕೆ. ಆಗಿನ್ನೂ ಬೆಳಗಿನ ಹತ್ತು ಗಂಟೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮೊಬೈಲ್ ಬಡಿಯಿತು. ಒಂಬತ್ತೂವರೆಯ ಸುಮಾರು.

"ಬರೆದುಕೊಳ್ಳಿ ಅಮ್ಮಾ. ಬಿಳಿ ಕಾರು, ಚಿಕ್ಕದು. ತಿರುವಿನಲ್ಲಿ ಡಂಪರನ್ನು ಓವರ್‌ಟೇಕ್ ಮಾಡಿತು. ಎದುರಿನ ಬಸ್ಸು ಮಣ್ಣಿಗೆ ಇಳಿಯಿತು." ಜೊತೆಗೆ, "ಬಹಳ ಕೆಟ್ಟದಾಗಿ ಮಾಡಿದ," ಎಂದರು. ಅವರು ಯಾರ ಬಗ್ಗೆಯೂ ಹಾಗೆ ಹೇಳಿದವರಲ್ಲ. ಆಮೇಲೆ ನಂಬರು ಹೇಳಿದರು.

ನಂಬರಿನ ಮೂರು ಅಂಕೆ ಬರೆದು ನಾಲ್ಕನೆಯದನ್ನು ಬರೆಯುವಾಗ ನನ್ನ ಕೈ ನಿಂತಿತು. ಅದು ನಮ್ಮ ಕಾರಿನ ನಂಬರು. ಕಾರು ಕಳುವಾಗಿದೆ ಎಂದೇ ನಾನು ಮೊದಲು ಅಂದುಕೊಂಡದ್ದು. ಬೆಳಿಗ್ಗೆ ಆರೂವರೆಗೆ ನಾನು ಮನೆ ಬಿಟ್ಟಾಗ ಕಾರು ಬಟ್ಟೆ ಹೊದ್ದುಕೊಂಡೇ ಇತ್ತು. ಇವರು ಬನಿಯನ್ನಿನಲ್ಲಿ ಕುಳಿತು ಮಗಳ ಶೂಗೆ ಪಾಲಿಶ್ ಹಾಕಿಕೊಡುತ್ತಿದ್ದರು. ಶಟಲ್‌ಗೆ ಇನ್ನೂ ಹೊತ್ತಿದೆ ಎಂದಿದ್ದರು.

ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದು ಕಾರನ್ನು ಬದಿಗೆ ನಿಲ್ಲಿಸಿದರು. "ಲೀಜಿಯೇ ಮೇಡಂ, ಆಪ್ ಕೀ ಗಾಡೀ," ಎಂದರು. ತೆಗೆದುಕೊಳ್ಳಿ, ನಿಮ್ಮ ಗಾಡಿ ಎಂದು. ನಿಲ್ಲಿಸಿಕೊಟ್ಟ ಪ್ರತಿ ಗಾಡಿಗೂ ಅವರು ಹಾಗೆಯೇ ಹೇಳುತ್ತಿದ್ದದ್ದು.

ಕಿಟಕಿಯ ಗಾಜು ಇಳಿಯಿತು. ಒಳಗೆ ನನ್ನ ಗಂಡ ಕುಳಿತಿದ್ದರು. ಮದುವೆಗಳಿಗೆಂದು ಇಟ್ಟಿದ್ದ ನೀಲಿ ಅಂಗಿ, ಅದರ ಮೇಲೆ ಟೈ. ಅವರ ಕೊರಳಲ್ಲಿ ನಾನು ಟೈ ಕಂಡದ್ದು ಅದೇ ಮೊದಲು. ಪಕ್ಕದ ಸೀಟಿನ ಮೇಲೆ ಪ್ಲಾಸ್ಟಿಕ್ ಫೈಲು. ಹಣೆಯಲ್ಲಿ ಬೆವರು. ನನ್ನನ್ನು ಅಲ್ಲಿ ಕಾಣುತ್ತೇನೆಂದು ಅವರು ಎಣಿಸಿರಲಿಲ್ಲ. ನಾವು ವಾರಕ್ಕೊಮ್ಮೆ ಜಾಗ ಬದಲಿಸುತ್ತಿದ್ದೆವು, ಎಲ್ಲಿ ಎಂದು ಮನೆಯಲ್ಲಿ ನಾನು ಹೇಳುತ್ತಲೂ ಇರಲಿಲ್ಲ.

ನಾನು ಏನು ಮಾಡಬೇಕಿತ್ತೋ ಈಗಲೂ ಗೊತ್ತಿಲ್ಲ. ಹಿಂದೆ ಸಾಹೇಬರು ನಿಂತಿದ್ದರು. ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದ ವಾಕ್ಯ ತಾನಾಗಿ ಬಾಯಿಂದ ಬಂತು. "ನಮಸ್ತೇ ಸರ್. ಹಮ್ ಸಡಕ್ ಕಾ ಸರ್ವೇ ಕರ್ ರಹೇ ಹೈಂ. ದೋ ಮಿನಿಟ್ ಲಗೇಂಗೇ." ರಸ್ತೆಯ ಸಮೀಕ್ಷೆ, ಎರಡು ನಿಮಿಷ ಹಿಡಿಯುತ್ತದೆ ಎಂದು.

ಅವರು ನನ್ನನ್ನು ನೋಡಿದರು, ಛತ್ರಿ ಹಿಡಿದವರನ್ನು ನೋಡಿದರು. ಇದು ನನ್ನ ಆಫೀಸು ಎಂದು ಅವರಿಗೆ ಅರ್ಥವಾಯಿತು. "ಜೀ, ಪೂಛಿಯೇ," ಎಂದರು.

ಹನ್ನೆರಡು ವರ್ಷದಿಂದ ನನ್ನನ್ನು ನೀನು ಎನ್ನುತ್ತಿದ್ದವರು ಅಲ್ಲಿ ಆಪ್ ಎನ್ನುವ ಬಹುವಚನಕ್ಕೆ ಬಂದರು. ನಾನೂ ಆಪ್ ಎಂದೆ. ಎಲ್ಲಿಂದ ಬರುತ್ತಿದ್ದೀರಿ ಎಂದು ಕೇಳಿದೆ. ಫರೀದಾಬಾದ್. ಎಲ್ಲಿಗೆ? ಗುಡಗಾಂವ್. ಪ್ರಯಾಣದ ಉದ್ದೇಶ? ಅವರು ಸ್ಟಿಯರಿಂಗಿನ ಕಡೆ ನೋಡಿದರು. "ನೌಕರೀ ಕಾ ಇಂಟರ್‌ವ್ಯೂ," ಎಂದರು. ಕೆಲಸ ಎಂಬ ಚೌಕಕ್ಕೆ ಗುರುತು ಹಾಕಿದೆ. ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡುತ್ತೀರಿ? ಈ ತಿಂಗಳು ಇದು ಮೂರನೆಯ ಸಲ ಎಂದರು. ಡಂಪರಿನ ಹಿಂದೆ ಎಷ್ಟು ಹೊತ್ತು ಇದ್ದಿರಿ? ಐದಾರು ನಿಮಿಷ. ಹೊರಬರುವಾಗ ಎದುರಿನ ಬಸ್ಸು ಕಂಡಿತ್ತೇ?

"ದೇಖೀ ಥೀ. ಲಗಾ, ನಿಕಲ್ ಜಾಊಂಗಾ." ನೋಡಿದ್ದರು. ದಾಟಿಬಿಡುತ್ತೇನೆ ಅನ್ನಿಸಿತ್ತು.

ಏಕೆ ಓವರ್‌ಟೇಕ್ ಮಾಡಿದಿರಿ?

ಅವರು ಒಮ್ಮೆ ಹಿಂದಿನ ಕನ್ನಡಿ ನೋಡಿದರು. "ಪೀಛೇ ವಾಲಾ ಹಾರ್ನ್ ಮಾರ್ ರಹಾ ಥಾ," ಎಂದರು.

ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ. ಅದಕ್ಕೆ ಚೌಕವಿರಲಿಲ್ಲ. ಇತರೆ ಎಂಬುದಕ್ಕೆ ಗುರುತು ಹಾಕಿ ಬರೆದುಕೊಂಡೆ. ಥ್ಯಾಂಕ್ಯೂ ಸರ್ ಎಂದೆ. ಅವರು ಕಾರು ಸ್ಟಾರ್ಟ್ ಮಾಡಿ, ಗಾಜು ಏರಿಸುವ ಮುಂಚೆ, "ಧೂಪ್ ತೇಜ್ ಹೈ. ಸಿರ್ ಢಕ್ ಲೀಜಿಯೇ," ಎಂದರು. ಬಿಸಿಲು ಜೋರಾಗಿದೆ, ತಲೆಗೆ ಏನಾದರೂ ಹಾಕಿಕೊಳ್ಳಿ ಎಂದು. ಹೋದರು.

"ಕಿತನಾ ಶರೀಫ್ ಆದ್ಮೀ ಥಾ," ಎಂದು ಸಾಹೇಬರು ಮೆಚ್ಚಿಕೊಂಡರು. ಎಷ್ಟು ಮರ್ಯಾದಸ್ಥ ಮನುಷ್ಯ, ಉಳಿದವರಾದರೆ ನಿಲ್ಲಿಸಿದ್ದಕ್ಕೆ ಕೂಗಾಡುತ್ತಾರೆ ಎಂದರು. ನಾನು ಸೆರಗು ತಲೆಯ ಮೇಲೆಳೆದುಕೊಂಡು ಮುಂದಿನ ಫಾರಂ ತೆಗೆದೆ. ಆ ಬೆಳಿಗ್ಗೆ ಇನ್ನೂ ಒಂಬತ್ತು ಗಾಡಿಗಳನ್ನು ಕೇಳಿದೆ. ಅವರೆಲ್ಲ ಏನೆಂದರೋ ಒಂದೂ ನೆನಪಿಲ್ಲ.

ಹಿಂದಿರುಗುವಾಗ ಜೀಪಿನಲ್ಲಿ ಹವಾಲ್ದಾರರಿಗೆ ಕನ್ನಡದಲ್ಲಿ ಹೇಳಿದೆ. "ಹವಾಲ್ದಾರ್ರೇ, ಆ ಬಿಳಿ ಕಾರು ನಮ್ದು. ಓಡಿಸ್ತಿದ್ದಿದ್ದು ನಮ್ಮನೆಯವರು."

ಅವರು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ ಮತ್ತೆ ರಸ್ತೆ ನೋಡಿದರು. ಪಕ್ಕದಲ್ಲಿ ಸಾಹೇಬರು ತೂಕಡಿಸುತ್ತಿದ್ದರು.

"ಬಸ್ಸಿನವನು ಒಳ್ಳೆಯ ಡ್ರೈವರ್," ಎಂದರು ಹವಾಲ್ದಾರರು. "ಬ್ರೇಕ್ ಹಾಕಿ ನಿಲ್ಲಿಸಲು ಹೋಗದೆ ಸೀದಾ ಮಣ್ಣಿಗೆ ಇಳಿಸಿದ. ಇಲ್ಲದಿದ್ದರೆ ನಾನು ನಿಮಗೆ ನಂಬರು ಹೇಳುತ್ತಿರಲಿಲ್ಲ, ಓಡಿ ಬರಬೇಕಾಗುತ್ತಿತ್ತು." ಆಮೇಲೆ, "ನಿಮ್ಮ ಯಜಮಾನರಿಗೆ ಬೇಜಾರಿಲ್ಲ ಎಂದರೆ ಭಾನುವಾರ ನಾನು ಬಂದು ಕಾರಿನಲ್ಲಿ ಅವರ ಪಕ್ಕ ಕೂರುತ್ತೇನೆ," ಎಂದರು.

ಮನೆಗೆ ಬಂದಾಗ ಕಾರು ತನ್ನ ಜಾಗದಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಮಗಳು ಬಾಗಿಲಲ್ಲೇ ವರದಿ ಕೊಟ್ಟಳು. "ಮಮ್ಮಿ, ಪಪ್ಪಾ ಇವತ್ತು ಜಲ್ದೀ ಬಂದ್ರು! ಟೈ ಭೀ ಹಾಕಿದ್ರು!"

ಇವರು ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದರು. ಟೈ ಕಾಣಲಿಲ್ಲ. ನಾನು ಕಾಲು ತೊಳೆದುಕೊಂಡು ಬಂದು ಎದುರಿಗೆ ಕುಳಿತು ಒಂದು ಹಿಡಿ ಬಟಾಣಿಕಾಯಿ ಎಳೆದುಕೊಂಡೆ.

"ಎಷ್ಟು ಗಂಟೆಗಿತ್ತು?" ಎಂದು ಕೇಳಿದೆ.

"ಹನ್ನೊಂದಕ್ಕೆ."

"ನಾವು ನಿಲ್ಲಿಸಿದಾಗ ಒಂಬತ್ತೂವರೆ. ಮತ್ತೆ ಟೈಮಿತ್ತಲ್ರೀ."

"ಬೇಕಾದಷ್ಟಿತ್ತು. ಹೋಗಿ ಅರ್ಧ ಗಂಟೆ ಹೊರಗೆ ಕಾರಲ್ಲೇ ಕೂತಿದ್ದೆ."

"ಮತ್ಯಾಕೆ?"

"ಬರ್ಕೊಂಡ್ಯಲ್ಲ." ಅವರು ತಲೆಯೆತ್ತಲಿಲ್ಲ. "ಮುಂದೆ ಡಂಪರು, ಏನೂ ಕಾಣ್ತಿರ್ಲಿಲ್ಲ. ಹಿಂದೆ ಯಾರೋ ದೊಡ್ಡ ಗಾಡಿಯವನು ಬಿಡದೆ ಹಾರ್ನ್ ಹೊಡೀತಿದ್ದ. ಇವನಿಗೆ ಓಡ್ಸೋಕೆ ಬರಲ್ಲ ಅಂತ ಅಂದ್ಕೊಂಡಿರ್ತಾನೆ ಅನ್ನಿಸ್ತು. ಅಷ್ಟೇ. ಅವನ ಮುಖಾನೂ ನಾನು ನೋಡಿಲ್ಲ."

ನಾನು ಸುಲಿದ ಬಟಾಣಿಯನ್ನು ಪಾತ್ರೆಗೆ ಸುರಿದೆ.

"ಬಸ್ಸಲ್ಲಿ ಕಿಟಕಿ ಪಕ್ಕ ಒಬ್ಬ ಹೆಂಗಸು ಕೂತಿದ್ಲು," ಎಂದರು. "ಬಸ್ಸು ಮಣ್ಣಿಗೆ ಇಳೀತಾ ಇರೋವಾಗ ನನ್ನ ಕಡೆ ನೋಡಿದ್ಲು. ಅವಳ ಮುಖ ಸರಿಯಾಗಿ ನೋಡಿದೀನಿ."

ಇಂಟರ್‌ವ್ಯೂ ಬಗ್ಗೆ ನಾನು ಕೇಳಬೇಕಾಗಲಿಲ್ಲ, ಅವರೇ ಹೇಳಿದರು. ಗುಡಗಾಂವ್‌ನ ಒಂದು ಖಾಸಗಿ ಕಂಪನಿಯಲ್ಲಿ ದೊಡ್ಡ ಅಧಿಕಾರಿಯೊಬ್ಬರಿಗೆ ಆಪ್ತ ಸಹಾಯಕನ ಕೆಲಸ. ಮೊದಲೆರಡು ಸಲ ಕರೆದು ಕಾಗದಪತ್ರ ನೋಡಿದ್ದರು. ಈ ಸಲ ಆ ಅಧಿಕಾರಿಯೇ ಮಾತಾಡಿದರಂತೆ. ಇವರ ಶಾರ್ಟ್‌ಹ್ಯಾಂಡ್ ವೇಗವನ್ನು ಕೇಳಿ ಮೆಚ್ಚಿದರಂತೆ. ಆಮೇಲೆ, ಈಗ ನಮ್ಮಲ್ಲಿ ಶಾರ್ಟ್‌ಹ್ಯಾಂಡ್ ಬೇಕಾಗುವುದಿಲ್ಲ, ನನ್ನ ಪತ್ರಗಳನ್ನು ನಾನೇ ಟೈಪ್ ಮಾಡಿಕೊಳ್ಳುತ್ತೇನೆ ಎಂದರಂತೆ. ಹತ್ತು ನಿಮಿಷದಲ್ಲಿ ಇವರು ಹೊರಗೆ ಬಂದಿದ್ದರು.

"ನಂಗೆ ಯಾಕೆ ಹೇಳ್ಲಿಲ್ಲ?"

"ಆದ್ರೆ ಹೇಳೋಣ ಅಂತಿದ್ದೆ. ಆಗ್ಲಿಲ್ಲ ಅಂದ್ರೆ ನಿಂಗೆ ಗೊತ್ತಾಗೋದೇ ಬೇಡ ಅಂತ." ಸುಲಿದ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು. "ನೋಡಿದ್ರೆ, ನಿನ್ನ ಆಫೀಸಿನ ಕಾಗದದ ಮೇಲೇ ಬಂದುಬಿಡ್ತು."

ನನಗೆ ಸಿಟ್ಟು ಇತ್ತು. ಮುಚ್ಚಿಟ್ಟದ್ದಕ್ಕಿಂತ ಆ ಬಸ್ಸಿನ ಬಗ್ಗೆ ಹೆಚ್ಚು. ಆದರೆ ಬಿಸಿಲಲ್ಲಿ ನಾನು ಕೇಳಿದ ಒಂದೊಂದು ಪ್ರಶ್ನೆಗೂ ಅವರು ಸುಳ್ಳು ಹೇಳಬಹುದಿತ್ತು, ಒಂದಕ್ಕೂ ಹೇಳಿರಲಿಲ್ಲ. ಅದನ್ನು ಯೋಚಿಸುತ್ತ ನಾನು ಸಿಟ್ಟಿನ ಮಾತು ಆಡದೆ ಉಳಿದೆ. ಹವಾಲ್ದಾರರು ಭಾನುವಾರ ಬರುತ್ತಾರಂತೆ ಎಂದೆ. ಬರಲಿ ಎಂದರು.

ಮಾರನೆಯ ದಿನ ಇಂಜಿನಿಯರ್ ಸಾಹೇಬರಿಗೆ ವಿಷಯ ತಿಳಿಸಿದೆ. ಮನೆಯವರ ಫಾರಂ ಎಂದ ಮೇಲೆ ಅದನ್ನು ತೆಗೆದುಹಾಕಬೇಕಲ್ಲವೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಿನ್ನೆ ತಾವು ಹೊಗಳಿದ್ದು ನೆನಪಾಗಿ ಸ್ವಲ್ಪ ನಕ್ಕರು. ಡ್ರೈವರ್ ಡ್ರೈವರೇ, ಇರಲಿ ಎಂದರು. ಹಾರ್ನ್ ಎಂಬ ಕಾರಣಕ್ಕೆ ಚೌಕವೇ ಇಲ್ಲವಲ್ಲ ಎಂದೆ. ಹಾಗಾದರೆ ಹಳೆಯ ಫಾರಂಗಳ ಇತರೆಗಳನ್ನೆಲ್ಲ ಮತ್ತೊಮ್ಮೆ ಓದಿ ನೋಡು ಎಂದರು. ಎರಡು ದಿನ ಕುಳಿತು ಓದಿದೆ. ನನ್ನದೇ ಸಣ್ಣ ಅಕ್ಷರಗಳಲ್ಲಿ, ನಾನು ಗಮನವಿಡದೆ ಬರೆದುಕೊಂಡಿದ್ದ ಅದೇ ಮಾತು ಮತ್ತೆ ಮತ್ತೆ ಸಿಕ್ಕಿತು. ಹಿಂದಿನವನು ಹಾರ್ನ್ ಮಾಡಿದ. ಹಿಂದಿನವನು ಲೈಟು ಹೊಡೆದ. ಹಿಂದೆ ಸಾಲು ಬೆಳೆದಿತ್ತು, ನಾಚಿಕೆಯಾಯಿತು. ನಾವು ಇಷ್ಟು ದಿನವೂ ಮುಂದಿನ ವಾಹನದ ವೇಗವನ್ನೂ ಎದುರಿನ ವಾಹನದ ದೂರವನ್ನೂ ಅಳೆಯುತ್ತಿದ್ದೆವು. ಹಿಂದೆ ಯಾರಿದ್ದಾರೆಂದು ಕೇಳಿರಲೇ ಇಲ್ಲ. ಹೊಸ ಫಾರಂನಲ್ಲಿ ಸಾಹೇಬರು ಅದಕ್ಕೊಂದು ಚೌಕ ಸೇರಿಸಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹವಾಲ್ದಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಇವರಿಗೆ ಸಂಕೋಚ, ಹವಾಲ್ದಾರರಿಗೂ ಸಂಕೋಚ. ಇಬ್ಬರೂ ಕಾರಿನ ಟೈರುಗಳ ಬಗ್ಗೆ ಬೇಕಿಲ್ಲದಷ್ಟು ಹೊತ್ತು ಮಾತಾಡಿದರು. ಆಮೇಲೆ ಇವರು ಸ್ಟಿಯರಿಂಗ್ ಹಿಡಿದರು, ಅವರು ಎಡಗಡೆ ಕುಳಿತರು, ನಾನೂ ಮಗಳೂ ಹಿಂದೆ. ಗುಡ್ಡದ ರಸ್ತೆಯಲ್ಲಿ ಒಂದು ನೀರಿನ ಟ್ಯಾಂಕರು ಸಿಕ್ಕಿತು. ಇವರು ಅದರ ಬೆನ್ನಿಗೆ ಅಂಟಿಕೊಂಡರು.

"ಇನ್ನೂ ಹಿಂದೆ ಬನ್ನಿ," ಎಂದರು ಹವಾಲ್ದಾರರು. "ಇನ್ನೂ. ಈಗ ಕಾಣುತ್ತಿದೆಯಾ?"

"ಕಾಣ್ತಿದೆ."

"ಕಾಣುವವರೆಗೂ ಗೇರು ಬದಲಿಸಬೇಡಿ. ಕಂಡ ಮೇಲೆ ಮೂರಕ್ಕೆ ಇಳಿಸಿ, ಹೊರಗೆ ಬನ್ನಿ, ಎಳೆಯಿರಿ. ಅರ್ಧದಲ್ಲಿ ಮನಸ್ಸು ಬದಲಾಯಿಸಬೇಡಿ."

ಹಿಂದೆ ಯಾರೋ ಹಾರ್ನ್ ಮಾಡಿದರು. ಇವರ ಭುಜ ಬಿಗಿಯಾದದ್ದು ಹಿಂದಿನ ಸೀಟಿಗೂ ಕಾಣಿಸಿತು. ಹವಾಲ್ದಾರರು ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಂದೆ ಹೋಗು ಎಂದು ನಿಧಾನವಾಗಿ ಬೀಸಿದರು. ಕಾರೊಂದು ನಮ್ಮನ್ನೂ ಟ್ಯಾಂಕರನ್ನೂ ದಾಟಿ ಹೋಯಿತು. "ಅವನು ಹೋದ. ನಮಗೇನಾಯಿತು?" ಎಂದು ಕೇಳಿದರು. ಅಣಕವಿರಲಿಲ್ಲ, ನಿಜವಾಗಿಯೂ ಉತ್ತರ ಬೇಕು ಎಂಬಂತೆ ಕೇಳಿದರು. ಇವರು ಏನೂ ಆಗಲಿಲ್ಲ ಎಂದರು. ನಾವು ಟ್ಯಾಂಕರಿನ ಹಿಂದೆಯೇ ಗುಡ್ಡ ಇಳಿದೆವು.

ಹೀಗೆ ಐದಾರು ಭಾನುವಾರಗಳಾದವು. ಪಾಠ ಮುಗಿದ ಮೇಲೂ ಹವಾಲ್ದಾರರು ಬರುತ್ತಿದ್ದರು. ನಮ್ಮಲ್ಲೇ ಉಪ್ಪಿಟ್ಟು ತಿನ್ನುತ್ತಿದ್ದರು. ಇವರು ಸಚಿವಾಲಯದಲ್ಲೇ ಉಳಿದರು. ಮತ್ತೆ ಯಾವ ಇಂಟರ್‌ವ್ಯೂಗೂ ಹೋಗಲಿಲ್ಲ. ಶಾರ್ಟ್‌ಹ್ಯಾಂಡ್ ಬೇಡವೆಂದವರ ಮೇಲೆ ಬಹಳ ದಿನ ಮುನಿಸಿತ್ತು, ಆಮೇಲೆ ಕಂಪ್ಯೂಟರ್ ತರಗತಿಗೆ ಸೇರಿ ಇಲಾಖೆಯ ಪರೀಕ್ಷೆ ಬರೆದು ಒಂದು ಮೆಟ್ಟಿಲು ಮೇಲೆ ಹೋದರು. ಬಸ್ಸಿನ ಹೆಂಗಸಿನ ಬಗ್ಗೆ ಮತ್ತೊಮ್ಮೆ ಮಾತ್ರ ಮಾತಾಡಿದ್ದು ನೆನಪು. ಶಟಲ್‌ನಲ್ಲಿ ಅವಳಂತೆಯೇ ಇದ್ದ ಒಬ್ಬಳನ್ನು ಕಂಡು, ತಾವು ಎದ್ದು ಸೀಟು ಬಿಟ್ಟುಕೊಟ್ಟು ಮುಂದಿನ ಸ್ಟೇಷನ್‌ನಲ್ಲಿ ಬೇರೆ ಬೋಗಿ ಹತ್ತಿದ್ದಾಗಿ ಹೇಳಿದರು.

ಬೇಸಿಗೆಯ ಒಂದು ಭಾನುವಾರ ಹವಾಲ್ದಾರರು ಕಾರಿನ ಕೀಲಿಯನ್ನು ಇವರ ಕೈಯಿಂದ ತೆಗೆದುಕೊಂಡು ನನ್ನ ಕಡೆ ಹಿಡಿದರು. "ಎಷ್ಟು ಸಾವಿರ ಓವರ್‌ಟೇಕ್ ನೋಡಿದ್ದೀರಿ ಅಮ್ಮಾ. ಒಂದನ್ನಾದರೂ ಮಾಡಿ," ಎಂದರು. ಲರ್ನಿಂಗ್ ಲೈಸೆನ್ಸ್ ಮಾಡಿಸಿಕೊಂಡು ಒಂದು ತಿಂಗಳು ಸೆಕ್ಟರಿನ ಖಾಲಿ ರಸ್ತೆಗಳಲ್ಲಿ ಓಡಿಸಿದೆ. ಆಮೇಲೆ ಗುಡ್ಡದ ರಸ್ತೆಗೆ ಕರೆದುಕೊಂಡು ಹೋದರು. ಇವರೂ ಮಗಳೂ ಹಿಂದಿನ ಸೀಟಿನಲ್ಲಿದ್ದರು.

ಇಳಿಜಾರು ಮುಗಿದು ರಸ್ತೆ ನೇರವಾದ ಕಡೆ ಮುಂದೆ ಒಂದು ಒಂಟೆ ಗಾಡಿ ಹೋಗುತ್ತಿತ್ತು. ಹಿಂದೆ ಒಂದು ಗಾಡಿಯೂ ಇರಲಿಲ್ಲ. ಗಾಡಿಯವನು ಮೂಟೆಗಳ ಮೇಲೆ ಮುಖಕ್ಕೆ ಟವೆಲ್ ಹೊದ್ದು ಮಲಗಿದ್ದ. ಒಂಟೆ ತನ್ನ ಪಾಡಿಗೆ ನಡೆಯುತ್ತಿತ್ತು. ಎದುರಿನ ರಸ್ತೆ ಬಹಳ ದೂರದವರೆಗೆ ಖಾಲಿ ಕಾಣುತ್ತಿತ್ತು. ಆದರೂ ನಾನು ಅದು ಖಾಲಿಯೇ ಎಂದು ನಾಲ್ಕು ಸಲ ನೋಡಿದೆ. ಹಾರ್ನ್ ಮಾಡಿದರೆ ಒಂಟೆ ಬೆದರೀತೆಂದು ಮಾಡಲಿಲ್ಲ. ಇಂಡಿಕೇಟರ್ ಹಾಕಿ, ಬಲಕ್ಕೆ ಹೊರಬಂದೆ. ಪಕ್ಕದಲ್ಲಿ ಮೊದಲು ಗಾಡಿಯ ದೊಡ್ಡ ರಬ್ಬರು ಚಕ್ರ ಬಂತು, ಆಮೇಲೆ ಮೂಟೆಗಳು, ಮಲಗಿದವನ ಪಾದ, ಒಂಟೆಯ ಕಾಲುಗಳು. ಬಹಳ ಹೊತ್ತು ಹಿಡಿಯಿತು. ಒಂಟೆ ಕತ್ತು ಬಗ್ಗಿಸಿ ಕಿಟಕಿಯೊಳಗೆ ನಮ್ಮನ್ನೆಲ್ಲ ನೋಡಿತು. ಮಗಳು ಅದಕ್ಕೆ ಟಾಟಾ ಮಾಡಿದಳು. ಕೊನೆಗೆ ಎಡಕ್ಕೆ ಬಂದು ಸೇರಿಕೊಂಡಾಗ ಹಿಂದಿನ ಸೀಟಿನಿಂದ ಇವರು ಉಸಿರು ಬಿಟ್ಟದ್ದು ಕೇಳಿಸಿತು.

"ಅಮ್ಮಾ," ಎಂದರು ಹವಾಲ್ದಾರರು, "ಇನ್ನೂ ಎರಡನೇ ಗೇರಿನಲ್ಲೇ ಇದ್ದೀರಿ."